ಆಗುಂಬೆ ಘಾಟಿಯಲ್ಲಿ ಕಾರ್ಬ್ಯುರೇಟರ್ ಬೈಕಿನ ಕಪ್ಪು ಹೊಗೆ: ಜೆಟ್ ಬದಲಿಸಬೇಕೇ?

ಉಡುಪಿ ಸವಾರ:
ನನ್ನದು 150 ಸಿಸಿಯ ಹಳೆಯ ಬೈಕು, ಅದರಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸುವುದು ಕಾರ್ಬ್ಯುರೇಟರ್. ಮಣಿಪಾಲದವರೆಗಿನ ಓಡಾಟಕ್ಕೆ ತೊಂದರೆಯಿಲ್ಲ; ಆದರೆ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆಯ ತಿರುವುಗಳನ್ನು ಏರತೊಡಗಿದರೆ ಎಳೆತ ಕುಗ್ಗಿ ಸೈಲೆನ್ಸರಿನಿಂದ ಕಪ್ಪು ಹೊಗೆ ಬರುತ್ತದೆ. ಪ್ಲಗ್ ಬಿಚ್ಚಿದರೆ ಮಸಿ, ಬೆಳಿಗ್ಗೆ ಬೈಕು ನಿಲ್ಲಿಸಿದಲ್ಲಿ ಪೆಟ್ರೋಲ್ ವಾಸನೆ. ಎತ್ತರದಲ್ಲಿ ಗಾಳಿ ತೆಳುವಾಗುವುದೇ ಕಾರಣ, ಚಿಕ್ಕ ಮೇನ್ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ಭಾಗ) ಹಾಕೋಣ ಎಂದು ಗ್ಯಾರೇಜಿನವರು ಹೇಳುತ್ತಾರೆ. ತಮ್ಮನ ಇಂಜೆಕ್ಷನ್ (ಎಲೆಕ್ಟ್ರಾನಿಕ್ ಲೆಕ್ಕದಲ್ಲಿ ಪೆಟ್ರೋಲ್ ಸಿಂಪಡಿಸುವ) ಸ್ಕೂಟರಿಗೆ ಅದೇ ದಾರಿಯಲ್ಲಿ ಯಾವ ತಕರಾರೂ ಇಲ್ಲ. ಏನು ಮಾಡಲಿ?

ಕದ್ರಿಯ ಓದುಗ:
ಗ್ಯಾರೇಜಿನವರ ಮಾತಿನಲ್ಲಿ ತತ್ತ್ವ ಸರಿಯಿದೆ, ಪ್ರಮಾಣ ಸರಿಯಿಲ್ಲ. ಕಾರ್ಬ್ಯುರೇಟರಿನ ಕಿರಿದಾದ ಕತ್ತಿನಲ್ಲಿ ಗಾಳಿ ವೇಗವಾಗಿ ಹಾಯುವಾಗ ಅಲ್ಲಿನ ಒತ್ತಡ ಇಳಿಯುತ್ತದೆ, ಆ ಒತ್ತಡದ ವ್ಯತ್ಯಾಸವೇ ಫ್ಲೋಟ್ ಬಟ್ಟಲಿನ (ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಪುಟ್ಟ ಪಾತ್ರೆ; ತೇಲುವ ಫ್ಲೋಟ್ ಅದರ ಮಟ್ಟ ಕಾಯುತ್ತದೆ) ಪೆಟ್ರೋಲನ್ನು ಜೆಟ್ ಮೂಲಕ ಮೇಲಕ್ಕೆಳೆಯುತ್ತದೆ. ಹೀಗೆ ಎಳೆಯುವಾಗ ಕಾರ್ಬ್ಯುರೇಟರ್ ಗಾಳಿಯನ್ನು ತೂಗಿ ನೋಡುವುದಿಲ್ಲ, ಎಂಜಿನ್‌ಗೆ ಬೇಕಾದದ್ದಾದರೋ ತೂಕದ ಲೆಕ್ಕ: ಶುದ್ಧ ಪೆಟ್ರೋಲಾದರೆ 1 ಗ್ರಾಂಗೆ ಸುಮಾರು 14.7 ಗ್ರಾಂ ಗಾಳಿ. ಗಾಳಿ ತೆಳುವಾದಾಗ ಪೆಟ್ರೋಲ್ ಅದೇ ಪ್ರಮಾಣದಲ್ಲಿ ಕಡಿಮೆಯಾಗದ ಕಾರಣ ಮಿಶ್ರಣ ದಟ್ಟವಾಗುತ್ತದೆ. ಆದರೆ ಆಗುಂಬೆಯ ಎತ್ತರ ಸುಮಾರು 640 ಮೀಟರ್. ಅಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು 6 ಪ್ರತಿಶತ ಕಡಿಮೆ. ಮಿಶ್ರಣದ ದಟ್ಟತೆ ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮವಾಗಿ ಬದಲಾಗುವುದರಿಂದ ಏರಿಕೆ ಕೇವಲ 3 ಪ್ರತಿಶತದಷ್ಟು. ಅಷ್ಟಕ್ಕೇ ಕಪ್ಪು ಹೊಗೆ ಬಾರದು. ನಿಮ್ಮ ಬೈಕಿನ ಮಿಶ್ರಣ ಉಡುಪಿಯಲ್ಲೇ ದಟ್ಟವಾಗಿದೆ, ಪೂರ್ತಿ ಥ್ರಾಟಲ್ ಕೊಟ್ಟು ಏರುವಾಗ ಅದು ಕಣ್ಣಿಗೆ ಬೀಳುತ್ತದೆ ಅಷ್ಟೆ.

ಸುರತ್ಕಲ್ ಕಡೆಯಿಂದ:
ಬೆಳಗಿನ ವಾಸನೆಯನ್ನು ಗಮನಿಸಬೇಕು. ಫ್ಲೋಟ್ ಬಟ್ಟಲಿಗೆ ಪೆಟ್ರೋಲ್ ಬಿಡುವ ಸೂಜಿ ಸವೆದಿದ್ದರೆ ಅಥವಾ ಅದರ ಪೀಠದಲ್ಲಿ ಕಸ ಕೂತಿದ್ದರೆ ದಾರಿ ಪೂರ್ತಿ ಮುಚ್ಚುವುದಿಲ್ಲ, ಬಟ್ಟಲಿನ ಮಟ್ಟ ಏರುತ್ತದೆ, ಮಟ್ಟ ಏರಿದಷ್ಟೂ ಜೆಟ್ಟಿನಿಂದ ಹೆಚ್ಚು ಪೆಟ್ರೋಲ್ ಹೊರಡುತ್ತದೆ. ಮೊದಲು ಸೂಜಿ, ಫ್ಲೋಟ್ ಮಟ್ಟ, ಏರ್ ಫಿಲ್ಟರ್, ಚೋಕ್ ಪೂರ್ತಿ ಹಿಂದೆ ಹೋಗುತ್ತಿದೆಯೇ ಎಂಬುದನ್ನು ನೋಡಿಸಿರಿ. ಇವು ಸರಿಯಾಗದೆ ಜೆಟ್ ಚಿಕ್ಕದು ಮಾಡಿದರೆ ಮೂಲದ ದೋಷ ಹಾಗೆಯೇ ಉಳಿಯುತ್ತದೆ; ಮುಂದೆ ಸೂಜಿ ಬದಲಿಸಿದ ದಿನ ಮಿಶ್ರಣ ತೆಳುವಾಗಿ ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ. ಪಂಪಿನಲ್ಲಿ ಈಗ ಸಿಗುವ 20 ಪ್ರತಿಶತ ಎಥನಾಲ್ ಬೆರೆಸಿದ ಪೆಟ್ರೋಲಿಗೆ ಗಾಳಿ-ಇಂಧನದ ತೂಕದ ಅನುಪಾತ ಸುಮಾರು 13.5, ಅಂದರೆ ಅದೇ ಗಾಳಿಗೆ ಇಂಧನ ಹೆಚ್ಚು ಬೇಕು. ಹಾಗಾಗಿ ಹಳೆಯ ಜೆಟ್ಟೇ ತುಸು ತೆಳು ಮಿಶ್ರಣ ಕೊಡಬೇಕಾಗಿತ್ತು. ಅದರ ಮೇಲೂ ಹೊಗೆ ಬರುತ್ತಿದೆ ಎಂದರೆ ಎಲ್ಲೋ ಸಾಕಷ್ಟು ಪೆಟ್ರೋಲ್ ಅತಿಯಾಗಿ ಹರಿಯುತ್ತಿದೆ.

ಕದ್ರಿಯ ಓದುಗ:
ಸ್ಕೂಟರಿನ ವಿಷಯ: 2020ರ ಏಪ್ರಿಲ್ 1ರಂದು ಬಿಎಸ್ 6 (ವಾಹನಗಳ ಹೊಗೆಗೆ ಮಿತಿ ಹಾಕುವ ನಿಯಮ) ಜಾರಿಯಾದ ಮೇಲೆ ಬಂದ ದ್ವಿಚಕ್ರ ವಾಹನಗಳಲ್ಲಿ ಸಾಮಾನ್ಯವಾಗಿ ಇಂಜೆಕ್ಷನ್ ಇರುತ್ತದೆ. ಅದರ ಇಸಿಯು (ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಗಾಳಿಯ ಒತ್ತಡ, ಉಷ್ಣತೆ ಮತ್ತು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಸೆನ್ಸರುಗಳಿಂದ ತಿಳಿದು, ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡು ತೆರೆದಿರಬೇಕೆಂದು ಪ್ರತಿ ಸಲವೂ ನಿರ್ಧರಿಸುತ್ತದೆ. ಹಳೆಯ ಬೈಕಿಗೆ ಅದನ್ನು ಜೋಡಿಸಲು ಪಂಪು, ಸೆನ್ಸರು, ವೈರಿಂಗ್ ಎಲ್ಲವೂ ಬೇಕು. ಆ ಖರ್ಚು ನನ್ನ ಪ್ರಕಾರ ದಂಡ. ಸೂಜಿ ಬದಲಿಸುವವರೆಗೆ ರಾತ್ರಿ ಪೆಟ್ರೋಲ್ ಕಾಕ್ ತಪ್ಪದೆ ಮುಚ್ಚಿರಿ. ಸೋರಿದ ಪೆಟ್ರೋಲ್ ಸಿಲಿಂಡರಿನ ಮೂಲಕ ಇಳಿದು ಎಂಜಿನ್ ಆಯಿಲ್‌ಗೆ ಸೇರುವ ಅಪಾಯವೂ ಇದೆ. ಆಯಿಲ್ ನೀರಾಗಿ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಅದನ್ನೂ ಬದಲಿಸದೆ ಘಾಟಿ ಹತ್ತಬೇಡಿ.