ಟೊಪೊ ನಕ್ಷೆಯಲ್ಲಿ ಸರೋವರದ ದಡ ಓಡಾಡುತ್ತಿದೆ, ಯಾವುದನ್ನು ನಂಬಲಿ?

ದಾರಿಹೋಕ:
ಅಮೆರಿಕದ ಒರೆಗಾನ್ ರಾಜ್ಯದ ಹಾರ್ನಿ ಕೌಂಟಿಯ ಹಳೇ ಟೊಪೊ ನಕ್ಷೆಗಳನ್ನು (ಗುಡ್ಡ, ನೀರು, ರಸ್ತೆ ಎಲ್ಲಾ ತೋರಿಸುವ ನಕ್ಷೆ) ಅಲ್ಲಿನ ಸರ್ಕಾರಿ ಭೂಸರ್ವೆ ಸಂಸ್ಥೆ ಯುಎಸ್‌ಜಿಎಸ್‌ನ ಟೊಪೊವ್ಯೂ ಜಾಲತಾಣದಿಂದ ಇಳಿಸಿಕೊಂಡಿದ್ದೇನೆ. ಬರ್ನ್ಸ್ ಊರಿನ ದಕ್ಷಿಣಕ್ಕೆ, ಮ್ಯಾಲ್ಹೂರ್ ಸರೋವರದ ಸುತ್ತ ಬರೀ ದನದ ರಾಂಚುಗಳು. 1:62,500 ಪ್ರಮಾಣದ (ನೆಲದ 62,500 ಅಂಗುಲಕ್ಕೆ ನಕ್ಷೆಯಲ್ಲಿ ಒಂದು ಅಂಗುಲ) ಹಾಳೆಯ ಮೇಲೆ ಹೆಚ್ಚು ವಿವರದ 1:24,000ರದ್ದನ್ನು ಅಳತೆ ಸರಿಮಾಡಿ ಕೂರಿಸಿದರೆ ಗುಡ್ಡಗಳು ಹೊಂದುತ್ತವೆ, ಸರೋವರದ ದಡ ಮಾತ್ರ ಎಲ್ಲೆಲ್ಲೋ ಹೋಗುತ್ತೆ. ಕೆಲವು ರಸ್ತೆ, ಶೆಡ್ಡು ನೇರಳೆ ಬಣ್ಣದಲ್ಲಿವೆ. ಸರ್ವೆಯವರು ನಿದ್ದೆಗಣ್ಣಲ್ಲಿ ಬರೆದರಾ?

ಗುಡ್ಡಗೆರೆ:
ಪಾಪ, ಅವರನ್ನು ಬೈಬೇಡಿ. ದಡ ನಿಜವಾಗಿಯೂ ಓಡಾಡುತ್ತೆ. ಆ ಸರೋವರದ ನೀರು ಸಮುದ್ರ ಸೇರಲ್ಲ. ಸ್ಟೀನ್ಸ್ ಬೆಟ್ಟದ ಹಿಮ ಕರಗಿ ಬ್ಲಿಟ್ಜನ್ ನದಿಯಲ್ಲಿ ಬರುತ್ತೆ, ಉತ್ತರದಿಂದ ಸಿಲ್ವೀಸ್ ನದಿ ಬರುತ್ತೆ, ಕೊನೆಗೆ ಎಲ್ಲಾ ಆವಿಯಾಗಬೇಕು. ನೆಲ ತಟ್ಟೆಯ ಹಾಗೆ. ನೀರು ಸ್ವಲ್ಪ ಏರಿದರೂ ಹುಲ್ಲುಗಾವಲು ಮುಳುಗುತ್ತೆ. 1934ರ ಬರದಲ್ಲಿ ಒಣಗಿತ್ತು. 1980ರ ದಶಕದ ಮಧ್ಯದಲ್ಲಿ ಹಾರ್ನಿ, ಮಡ್, ಮ್ಯಾಲ್ಹೂರ್ ಮೂರೂ ಸೇರಿ ಒಂದೇ ಸರೋವರವಾಯಿತು. ರಾಂಚುಗಳ ಜೊತೆ ಬರ್ನ್ಸ್ ಕಡೆಯ ರೈಲು ಹಳಿಯೂ ಮುಳುಗಿತು. ಅಂದಹಾಗೆ, ಸರೋವರದ ತಳ ಯಾರದು ಅನ್ನುವ ಜಗಳ 1935ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿನ ತನಕ ಹೋಗಿತ್ತು!

ಹಾಗಾಗಿ ದಡದ ನೀಲಿ ಗೆರೆ ನೋಡಿದಾಗ ಮೊದಲು ಅದು ಯಾವ ವರ್ಷದ ನೀರು ಅಂತ ಕೇಳಬೇಕು. ಹಾಳೆಯ ಹೆಸರಿನ ಪಕ್ಕದ ವರ್ಷ ಸಾಲದು. ಕೆಳಗಿನ ಅಂಚಿನಲ್ಲಿ ವಿಮಾನದಿಂದ ಫೋಟೋ ತೆಗೆದ ವರ್ಷ, ಸ್ಥಳಕ್ಕೆ ಹೋಗಿ ನೋಡಿದ ವರ್ಷ ಬೇರೆಬೇರೆ ಇರುತ್ತವೆ. ನೇರಳೆ ಅಂದರೆ ಆಮೇಲೆ ಬಂದ ಫೋಟೋ ನೋಡಿ ಸೇರಿಸಿದ್ದು, ಸಾಮಾನ್ಯವಾಗಿ ಸ್ಥಳಕ್ಕೆ ಹೋಗಿ ಪರೀಕ್ಷಿಸಿದ್ದಲ್ಲ. ಹಾಗಾಗಿ ನೇರಳೆ ಶೆಡ್ಡನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಅಳತೆಪಟ್ಟಿ:
ಇನ್ನೊಂದು. ಹಳೇ ಹಾಳೆಗಳು ಎನ್‌ಎಡಿ 27 ಲೆಕ್ಕದವು, ಅಂದರೆ ಅಕ್ಷಾಂಶ ರೇಖಾಂಶ ಗುರುತಿಸಲು 1927ರ ಹಳೇ ಆಧಾರ ಬಳಸಿದವು; ಜಿಪಿಎಸ್‌ನದು ಬೇರೆ. ಜಿಪಿಎಸ್ ಬಿಂದು ಹಾಗೇ ಇಟ್ಟರೆ ಹತ್ತಾರು ಮೀಟರ್ ಪಕ್ಕಕ್ಕೆ ಹೋಗುತ್ತೆ. ಅಷ್ಟಕ್ಕೇ ಕೊಟ್ಟಿಗೆ ಬೇಲಿಯಾಚೆ ಸೇರಿಬಿಡುತ್ತೆ. ಆದರೆ ದಡ ಮೈಲುಗಟ್ಟಲೆ ಸರಿದಿದ್ದಕ್ಕೆ ಇದು ಕಾರಣವಲ್ಲ.

ದಾರಿಹೋಕ:
ಅಂಚು ಓದಿದೆ. ಹೆಸರಿನ ಪಕ್ಕದ ವರ್ಷಕ್ಕಿಂತ ಫೋಟೋ ನಾಲ್ಕು ವರ್ಷ ಹಿಂದಿನದು! ಇಷ್ಟು ದಿನ ಆ ಸಣ್ಣ ಅಕ್ಷರಗಳನ್ನು ಸುಮ್ನೆ ಕತ್ತರಿಸಿ ಬಿಸಾಡುತ್ತಿದ್ದೆ, ಹಾಳೆಗಳು ಚೆನ್ನಾಗಿ ಕೂರಲಿ ಅಂತ. ಈಗ ಎಲ್ಲವನ್ನೂ ಮತ್ತೆ ಇಳಿಸಿಕೊಳ್ಳುತ್ತಿದ್ದೇನೆ.