ಕಡಲಿಗೆ ಹೋಗುವ ಪೈಪ್: ಮರಳು ಮುಚ್ಚುವ ಮೊದಲು ನೋಡುವವರು ಯಾರು?

ಅಡ್ಮಿನ್: ಬೀಚ್ ರಸ್ತೆಯ ಕೊನೆಯಲ್ಲಿ ಅಗೆದದ್ದನ್ನು ಎಲ್ಲರೂ ನೋಡಿರಬಹುದು. ಕೊಳಚೆ ನೀರು ಶುದ್ಧೀಕರಣ ಘಟಕದ ನೀರನ್ನು ಕಡಲಿಗೆ ಬಿಡುವ ಪೈಪ್ ಅದು. ಎಷ್ಟು ದೂರ ಹೋಗುತ್ತದೆ ಅಂತ ಬೋರ್ಡ್‌ನಲ್ಲಿ ಒಂದಕ್ಷರ ಇಲ್ಲ. ಮಳೆಗಾಲಕ್ಕೆ ಮೊದಲು ಮುಗಿಸುತ್ತಾರಂತೆ.

2ನೇ ಕ್ರಾಸ್: ನಾಳೆಯೇ ರಸ್ತೆ ತಡೆ ಮಾಡುವ. ಕೆಲಸ ನಿಲ್ಲಲಿ.

ಶೆಟ್ರು: ನಿಲ್ಲಿಸಿ ಎಂತ ಮಾಡುವುದು ಮಾರಾಯ್ರೇ? ಈಗ ಗಲೀಜೆಲ್ಲ ತೋಡಿಗೆ ಬರುತ್ತಾ ಉಂಟು. ಪೈಪ್ ಬೇಕು. ಸರಿಯಾಗಿ ಹಾಕಲಿ.

ಇಂಜಿನಿಯರ್ (ನಿವೃತ್ತ): ಶೆಟ್ರು ಹೇಳಿದ್ದು ಸರಿ. ಪೈಪಿನ ತುದಿಯಲ್ಲಿ ಸಣ್ಣ ಬಾಯಿಗಳ ಸಾಲು ಇರಬೇಕು, ಡಿಫ್ಯೂಸರ್ ಅಂತಾರೆ. ನೀರು ಒಂದೇ ಕಡೆ ಸುರಿಯದೆ ಹಂಚಿಹೋಗಿ ಬೆರೆಯಲಿ ಅಂತ. ಆ ನೀರು ಉಪ್ಪುನೀರಿಗಿಂತ ಹಗುರ, ಮೇಲಕ್ಕೆ ಬರುತ್ತದೆ. ಪೈಪ್ ದಡದ ಹತ್ತಿರವೇ ನಿಂತರೆ ಗಾಳಿ, ಅಲೆ ಸೇರಿ ಅದನ್ನು ನಮ್ಮ ಕಡೆಗೇ ತಳ್ಳುತ್ತವೆ.

ಟೀಚರ್: ಇದನ್ನೆಲ್ಲ ನೋಡಿಕೊಳ್ಳುವ ಜವಾಬ್ದಾರಿ ಯಾರದು ಸರ್?

ಇಂಜಿನಿಯರ್: ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮದ ಒಪ್ಪಿಗೆ ಬೇಕು. ರಾಜ್ಯದ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರ ಕಡತ ನೋಡಿರಬೇಕು. 1974ರ ಜಲ ಕಾಯ್ದೆ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯೂ ಬೇಕು. ಷರತ್ತು ಪಾಲಿಸಿದ ಬಗ್ಗೆ ಆರು ತಿಂಗಳಿಗೊಮ್ಮೆ ವರದಿ ಹೋಗಬೇಕು. ಕಾಗದದ ಮೇಲೆ ಇಷ್ಟು ಕಣ್ಣು. ನೀರಿಗೆ ಇಳಿದು ಜೋಡಣೆ ನೋಡಿದವರು ಯಾರು ಅಂತ ಕೇಳಿ, ಅಲ್ಲಿದೆ ವಿಷಯ.

3ನೇ ಕ್ರಾಸ್: ಮಗ ಇರುವ ಬಾಸ್ಟನ್‌ನಲ್ಲಿ ಸಮುದ್ರದಡಿ ಸುಮಾರು 15 ಕಿ.ಮೀ. ಸುರಂಗ ಕೊರೆದು ಹೀಗೇ ನೀರು ಬಿಡುತ್ತಾರೆ. ಬಂದರು ಸ್ವಚ್ಛ ಮಾಡಿಸುವ ಕೇಸಿನಲ್ಲಿ ಮಾಝೋನ್ ಅಂತ ಜಡ್ಜ್ ವರ್ಷಗಟ್ಟಲೆ ಗಡುವು ಹಾಕಿ ವರದಿ ತರಿಸಿಕೊಂಡರು. 2000ದಲ್ಲಿ ಸುರಂಗದಿಂದ ನೀರು ಬಿಡುವುದು ಶುರುವಾಯಿತು. ಅಷ್ಟು ಕಾವಲಿದ್ದೂ ಅದರ ಹಿಂದಿನ ವರ್ಷ, 1999ರಲ್ಲಿ, ಸುರಂಗದೊಳಗೆ ಪ್ಲಗ್ ತೆಗೆಯಲು ಹೋದ ಇಬ್ಬರು ಡೈವರ್‌ಗಳು ಉಸಿರಾಟದ ಗಾಳಿ ಕೈಕೊಟ್ಟು ಸತ್ತರು. ಇಲ್ಲಿ ಕೆಲಸದವರನ್ನು ಹೇಗೆ ಇಳಿಸುತ್ತಾರೋ!

ಅಡ್ಮಿನ್: ಅದನ್ನೂ ಮನವಿಯಲ್ಲಿ ಸೇರಿಸುವ. ಇನ್ನೊಂದು, ಮಾಹಿತಿ ಹಕ್ಕು ಅಂದರೆ ಬರೀ ಕಾಗದ ಅಲ್ಲ. ಸೆಕ್ಷನ್ 2(ಜೆ) ಪ್ರಕಾರ ಕಾಮಗಾರಿಯನ್ನೇ ಹೋಗಿ ನೋಡಬಹುದು, ಸಾಮಗ್ರಿಯ ಸ್ಯಾಂಪಲ್ ಕೇಳಬಹುದು. 10 ರೂಪಾಯಿ ಅರ್ಜಿ.

2ನೇ ಕ್ರಾಸ್: ಉತ್ತರಕ್ಕೆ 30 ದಿನ! ಅಷ್ಟರಲ್ಲಿ ಮುಚ್ಚಿ ಹೋಗಿರುತ್ತಾರೆ.

ಇಂಜಿನಿಯರ್: ಹೌದು, ಅದಕ್ಕೇ ಅರ್ಜಿಯೊಂದನ್ನೇ ನಂಬಬೇಡಿ. ಮಂಡಳಿಯ ಪ್ರಾದೇಶಿಕ ಕಚೇರಿಗೂ ಜಿಲ್ಲಾಧಿಕಾರಿಗೂ ಈ ವಾರವೇ ಪತ್ರ ಕೊಡಿ. ಮುಚ್ಚುವ ಮೊದಲು ಜಂಟಿ ತಪಾಸಣೆ, ಜೋಡಣೆಗಳ ಒತ್ತಡ ಪರೀಕ್ಷೆ, ಡೈವರ್ ತೆಗೆದ ವಿಡಿಯೊ. ಈ ಮೂರು ಇಲ್ಲದೆ ಬಿಲ್ ಪಾಸ್ ಮಾಡಬೇಡಿ ಅಂತ ಬರೆಯಿರಿ. ಬಿಲ್ ನಿಂತರೆ ಎಲ್ಲರಿಗೂ ಕಣ್ಣು ಕಾಣುತ್ತದೆ.

ಶೆಟ್ರು: ದೋಣಿಯವರನ್ನು ಬಿಡಬೇಡಿ. ಪೈಪ್ ನಿಜವಾಗಿ ಎಲ್ಲಿವರೆಗೆ ಹೋಗಿದೆ ಅಂತ ಅವರ ಜಿಪಿಎಸ್‌ನಲ್ಲಿ ಸಿಗುತ್ತದೆ. ಜೂನ್ 1ರಿಂದ ಟ್ರಾಲಿಂಗ್ ಮೀನುಗಾರಿಕೆಗೆ ರಜೆ, ಅದಕ್ಕೆ ಮೊದಲೇ ಕೇಳಬೇಕು. ನಾನು ಮಾತಾಡುತ್ತೇನೆ.

ಟೀಚರ್: ಪತ್ರ ನಾನು ಬರೆಯುತ್ತೇನೆ.

ಅಡ್ಮಿನ್: ಭಾನುವಾರ ಬೆಳಿಗ್ಗೆ 10ಕ್ಕೆ ಭಜನಾ ಮಂದಿರದಲ್ಲಿ ಸಹಿ. ಅಲ್ಲಿವರೆಗೆ ಗುಡ್ ಮಾರ್ನಿಂಗ್ ಹೂವು ಕಳಿಸಬೇಡಿ, ಪತ್ರದ ಕರಡು ಎಲ್ಲೋ ಮೇಲೆ ಹೋಗಿಬಿಡುತ್ತದೆ.

2ನೇ ಕ್ರಾಸ್: ಹಾಗಾದರೆ ರಸ್ತೆ ತಡೆ ಇಲ್ಲವಾ?

ಅಡ್ಮಿನ್: ಉತ್ತರ ಬಾರದಿದ್ದರೆ ನೋಡುವ.