ಗ್ಯಾರೇಜ್ ಸೇಲ್‌ನಲ್ಲಿ ಸಿಕ್ಕ ಹಳೇ ಬಿಎಂಎಕ್ಸ್ ಸ್ಟಿಕ್ಕರ್‌ಗಳು: ಅಸಲಿ ಯಾವುದು, ನಕಲಿ ಯಾವುದು?

ಪೆಡಲ್_ಪುಟ್ಟ

ಎಲ್ಲರಿಗೂ ನಮಸ್ಕಾರ. ನಾನಿರುವುದು ಲಾಸ್ ಏಂಜಲಿಸ್ ಪಕ್ಕದ ಟಾರೆನ್ಸ್‌ನಲ್ಲಿ. ಹೋದ ಶನಿವಾರ ನಮ್ಮ ಬೀದಿಯ ಕೊನೇ ಮನೆಯಲ್ಲಿ ಗ್ಯಾರೇಜ್ ಸೇಲ್, ಅಂದರೆ ಮನೆಯ ಹಳೇ ಸಾಮಾನಿನ ಮಾರಾಟ ಇತ್ತು. ಟೇಬಲ್ ಫ್ಯಾನ್ ತರಲು ಹೋದವನು ಒಂದು ಶೂ ಡಬ್ಬ ಹಿಡಿದುಕೊಂಡು ಬಂದೆ. 40 ಡಾಲರ್ ಕೊಟ್ಟೆ. ಮನೆಯಲ್ಲಿ ಇನ್ನೂ ಫ್ಯಾನ್ ಇಲ್ಲ, ಮಾತುಕತೆಯೂ ಅಷ್ಟಕ್ಕಷ್ಟೆ.

ಡಬ್ಬದಲ್ಲಿ ಬಿಎಂಎಕ್ಸ್ (ಮಣ್ಣಿನ ಟ್ರ್ಯಾಕಿನಲ್ಲಿ ರೇಸ್ ಓಡಿಸುವ ಚಿಕ್ಕ ಸೈಕಲ್) ಕಂಪನಿಗಳ ಬಿಡಿ ಸ್ಟಿಕ್ಕರ್ ಮೂವತ್ತೊಂದು ಇವೆ. ಮಾಂಗೂಸ್, ರೆಡ್‌ಲೈನ್, ಎಸ್‌ಇ ರೇಸಿಂಗ್, ಹ್ಯಾರೋ, ಓಕ್ಲಿ, ಕುವಹಾರಾ, ಹೀಗೆ. ಕೆಲವದರ ಹಿಂದಿನ ಕಾಗದ ಹಳದಿ ತಿರುಗಿದೆ, ಕೆಲವದರದ್ದು ಬೆಳ್ಳಗಿದೆ. ಜೊತೆಗೆ ಹ್ಯಾಂಡಲ್ ಮುಂದೆ ಕಟ್ಟುವ ಹಳದಿ ಪ್ಲಾಸ್ಟಿಕ್ ನಂಬರ್ ಪ್ಲೇಟ್, ಅದರ ಮೇಲೆ 47. ಸೈಕಲ್ಲಿನ ಕಂಬಿಗೆ ಸುತ್ತುವ ಮೂರು ತುಂಡಿನ ಪ್ಯಾಡ್ ಸೆಟ್ಟೂ ಇದೆ. ಗ್ಲೌಸ್ ಮಾತ್ರ ಬಲಗೈದು ಒಂದೇ.

ಒಂದು ತಪ್ಪು ಆಗಲೇ ಮಾಡಿಬಿಟ್ಟಿದ್ದೇನೆ. ಪ್ಲೇಟಿನ ಮೂಲೆಯಲ್ಲಿ ಅಂಟಿಸಿದ್ದ ಸ್ಟಿಕ್ಕರನ್ನು ಬಿಡಿಸಿ ಬೇರೆ ಇಡೋಣ ಅಂತ ಉಗುರಿನಲ್ಲಿ ಎಬ್ಬಿಸಿದೆ. ಹಪ್ಪಳದ ಥರ ಚೂರು ಚೂರಾಯ್ತು. ಹೊಟ್ಟೆ ಚುರ್ ಅಂತು.

ಹಾಸನದಲ್ಲಿ ನನ್ನ ಕೈಗೆ ಬಂದದ್ದು ಅಣ್ಣ ಓಡಿಸಿ ಬಿಟ್ಟ ಬಿಎಸ್‌ಎ ಎಸ್‌ಎಲ್‌ಆರ್ ಸೈಕಲ್. ಬಿಎಂಎಕ್ಸ್ ಬಗ್ಗೆ ನನಗೆ ಗೊತ್ತಿರುವುದು ಸೊನ್ನೆ. ಇದರಲ್ಲಿ ಅಸಲಿ ಯಾವುದು ಅಂತ ಕಂಡುಹಿಡಿಯೋದು ಹೇಗೆ? ಪ್ಲೇಟ್ ತುಂಬಾ ಕೆಂಪು ಮಣ್ಣಿದೆ, ತೊಳೆಯಬಹುದಾ? ಒಂಬತ್ತು ವರ್ಷದ ಮಗಳು ಎಲ್ಲವನ್ನೂ ತನ್ನ ಸೈಕಲ್ಲಿಗೆ ಅಂಟಿಸಬೇಕು ಅಂತ ಕೂತಿದ್ದಾಳೆ. ಬೇಗ ಹೇಳಿ.

ಹಳೇಸಾಮಾನು

ಮೊದಲು ಆ ಡಬ್ಬ ಮೇಲಿನ ಕಪಾಟಿನಲ್ಲಿಡಿ ಸಾರ್. ಮಗಳಿಗೂ ಸಿಗಬಾರದು, ನಿಮ್ಮ ಉಗುರಿಗೂ ಸಿಗಬಾರದು.

ಅಕ್ಕಸಾಲಿಗರು ಕಣ್ಣಿಗೆ ಇಟ್ಟುಕೊಳ್ಳುತ್ತಾರಲ್ಲ, ಆ ಥರದ ಹತ್ತು ಪಟ್ಟು ತೋರಿಸುವ ಭೂತಗನ್ನಡಿ ಒಂದು ತನ್ನಿ. ಆ ಕಾಲದ ಸ್ಟಿಕ್ಕರ್ ಹೆಚ್ಚಿನವು ಸ್ಕ್ರೀನ್ ಪ್ರಿಂಟ್. ಒಂದೊಂದು ಬಣ್ಣಕ್ಕೆ ಒಂದೊಂದು ಜಾಲರಿ ಇಟ್ಟು ಶಾಯಿ ಎಳೆಯುತ್ತಿದ್ದರು. ಹಾಗಾಗಿ ಕೆಂಪು ಅಂದರೆ ಪೂರ್ತಿ ಕೆಂಪು, ಗೋಡೆಗೆ ಬಳಿದ ಹಾಗೆ, ಮಧ್ಯೆ ಚುಕ್ಕಿ ಕಾಣುವುದಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದರೆ ಬಣ್ಣದ ಅಂಚು ಒಂದು ಕೂದಲಷ್ಟು ಎದ್ದಿರುವುದು ಕಾಣುತ್ತದೆ. ಒಂದು ಬಣ್ಣ ಇನ್ನೊಂದರ ಮೇಲೆ ಸ್ವಲ್ಪ ಜರುಗಿ ಕೂತಿದ್ದರೆ ಖುಷಿಪಡಿ, ಕೈಯಲ್ಲಿ ಮಾಡಿದ ಕೆಲಸ ಅದು. ಈಗಿನ ಇಂಕ್‌ಜೆಟ್ ನಕಲಿನಲ್ಲಿ ಸಾಸಿವೆ ಚೆಲ್ಲಿದ ಹಾಗೆ ಅಡ್ಡಾದಿಡ್ಡಿ ಚುಕ್ಕಿಗಳಿರುತ್ತವೆ. ಆದರೆ ಚುಕ್ಕಿ ಕಂಡಿತು ಅಂತ ಕೂಡಲೇ ಎಸೆಯಬೇಡಿ. ಫೋಟೋ ಇದ್ದ ಹಳೇ ಸ್ಟಿಕ್ಕರಿನಲ್ಲೂ ಚುಕ್ಕಿ ಇರುತ್ತವೆ. ಅವು ಸಾಲಾಗಿ, ಲೆಕ್ಕವಾಗಿ ನಿಂತಿರುತ್ತವೆ, ಅಷ್ಟೇ ವ್ಯತ್ಯಾಸ.

ಹಿಂದಿನ ಕಾಗದ ಹಳದಿ ಆಗಿದ್ದರೆ ಹಳೇದು ಅಂತ ನಂಬಬೇಡಿ. ಟೀ ನೀರಲ್ಲಿ ಅದ್ದಿ ಹಳದಿ ಮಾಡುವವರೂ ಇದ್ದಾರೆ. ಕತ್ತಲೆಯಲ್ಲಿ ಚೆನ್ನಾಗಿಟ್ಟ ಅಸಲಿ ಬೆಳ್ಳಗೇ ಇರಬಹುದು.

ನನಗೆ ಇಷ್ಟವಾದ ಉಪಾಯ ಬೇರೆ ಇದೆ. ಸ್ಟಿಕ್ಕರ್ ಮೇಲೋ ಹಿಂದಿನ ಕಾಗದದ ಮೇಲೋ ಕಂಪನಿಯ ಫೋನ್ ನಂಬರ್ ಇದೆಯಾ ನೋಡಿ. ನಿಮ್ಮ ಟಾರೆನ್ಸ್ ಕಡೆಗೆ 310 ಅನ್ನುವ ಏರಿಯಾ ಕೋಡ್ (ನಮ್ಮ ಎಸ್‌ಟಿಡಿ ಕೋಡ್ ಥರದ್ದು) ಬಂದದ್ದು 1991ರಲ್ಲಿ, ಅದಕ್ಕೆ ಮೊದಲು 213. ಲಾಸ್ ಏಂಜಲಿಸ್‌ನದೇ ಸ್ಯಾನ್ ಫರ್ನಾಂಡೋ ಕಣಿವೆಗೆ 818 ಬಂದದ್ದು 1984ರಲ್ಲಿ. ಅಂದರೆ 310 ಇರುವ ಸ್ಟಿಕ್ಕರನ್ನು ಯಾರಾದರೂ 1979ರದ್ದು ಅಂತ ಮಾರಿದರೆ ನಕ್ಕು ಬನ್ನಿ. ಪಿನ್‌ಕೋಡ್ ಥರದ ಅವರ ಜಿಪ್ ಕೋಡಿನಲ್ಲಿ ಐದು ಅಂಕಿಯ ಮುಂದೆ ಅಡ್ಡಗೆರೆ ಹಾಕಿ ಇನ್ನೂ ನಾಲ್ಕು ಅಂಕಿ ಇದ್ದರೆ ಅದು 1983ರ ಈಚಿನದು.

ಎಸ್‌ಇ ರೇಸಿಂಗ್ ವಿಷಯದಲ್ಲಿ ಎಚ್ಚರ. ರೇಸರ್ ಪೆರ್ರಿ ಕ್ರೇಮರ್ ಹೆಸರಿನ ಪಿಕೆ ರಿಪ್ಪರ್ ಸೈಕಲ್ಲನ್ನು ಆ ಬ್ರ್ಯಾಂಡಿನವರೇ ಹಳೇ ಚಹರೆಯಲ್ಲಿ ಮತ್ತೆ ತಂದಿದ್ದಾರೆ, ಹಳೇ ಥರದ ಸ್ಟಿಕ್ಕರ್ ಹಾಕಿ. ಅದು ನಕಲಿ ಅಲ್ಲ. ಆದರೆ ಹಳೇದೂ ಅಲ್ಲ. ಕುವಹಾರಾ ವಿಷಯದಲ್ಲೂ ಎಚ್ಚರ, 1982ರ 'ಇ.ಟಿ.' ಸಿನಿಮಾದಲ್ಲಿ ಹುಡುಗರು ಓಡಿಸಿದ್ದು ಆ ಸೈಕಲ್, ಅದಕ್ಕೆ ಬಿಎಂಎಕ್ಸ್ ಗೊತ್ತಿಲ್ಲದವರಿಗೂ ಅದೇ ಬೇಕು. ಬೇಡಿಕೆ ಇದ್ದಲ್ಲಿ ನಕಲಿ ಇದ್ದೇ ಇರುತ್ತದೆ ಅಲ್ವಾ.

ಪ್ಲೇಟ್ ತೊಳೆಯಬೇಡಿ. ಮಣ್ಣೇ ಅದರ ಒಡವೆ.

ಗೋಂದು_ಗುಂಡ

ಹಳೇಸಾಮಾನು ಅಣ್ಣ ಗುರುತಿಸೋದು ಹೇಳಿದರು, ನಾನು ಇಡೋದು ಹೇಳುತ್ತೇನೆ, ಯಾಕಂದ್ರೆ ಅಲ್ಲಿ ಕೈ ಸುಟ್ಟುಕೊಂಡವನು ನಾನೇ.

ಅರಿಜೋನಾ ಮರುಭೂಮಿಯ ಫೀನಿಕ್ಸ್‌ನಲ್ಲಿ ಮನೆ. ಐದು ವರ್ಷ ಕಷ್ಟಪಟ್ಟು ಕೂಡಿಸಿದ ಸ್ಟಿಕ್ಕರ್‌ಗಳನ್ನು ಅಗ್ಗದ ಪಿವಿಸಿ ಕವರಿನ ಆಲ್ಬಮ್ಮಿಗೆ ಹಾಕಿ ಗ್ಯಾರೇಜಿನಲ್ಲಿಟ್ಟೆ. ಇಲ್ಲಿನ ಬೇಸಿಗೆ ಗೊತ್ತಲ್ಲ. ಎರಡು ಬೇಸಿಗೆ ಕಳೆದು ತೆಗೆದರೆ ಕವರ್ ಜಿಗುಟಾಗಿ, ಶಾಯಿ ಅದಕ್ಕೇ ಮೆತ್ತಿಕೊಂಡಿತ್ತು. ಎಳೆದಾಗ ರೆಡ್‌ಲೈನಿನ ಅಕ್ಷರ ಕವರಿನಲ್ಲಿ ಉಳಿಯಿತು, ನನ್ನ ಕೈಗೆ ಬಂದದ್ದು ಬರೀ ಬಿಳೀ ತುಂಡು. ಆ ಪ್ಲಾಸ್ಟಿಕ್ಕನ್ನು ಮೆದುವಾಗಿಸಲು ಬೆರೆಸುವ ಎಣ್ಣೆಯಂಥ ಪದಾರ್ಥ ನಿಧಾನಕ್ಕೆ ಹೊರಗೆ ಬಂದು ಶಾಯಿ, ಅಂಟು ಎರಡನ್ನೂ ಹಾಳು ಮಾಡುತ್ತದಂತೆ. ಹಾಗಾಗಿ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರ್ ಮಾತ್ರ ತಗೊಳ್ಳಿ. ಹೊಸ ಕವರ್ ಮೂಸಿ ನೋಡಿ, ಹೊಸ ಶವರ್ ಪರದೆಯ ಥರ ವಾಸನೆ ಬಂದರೆ ಬೇಡ. ಮಲಗಿಸಿ ಇಡಿ, ಒಂದರ ಮೇಲೊಂದು ಜಾಸ್ತಿ ಭಾರ ಹೇರಬೇಡಿ. ಗ್ಯಾರೇಜ್ ಬೇಡವೇ ಬೇಡ, ಬಟ್ಟೆ ಬೀರು ವಾಸಿ. ಲ್ಯಾಮಿನೇಷನ್ ಅಂತ ಯಾರಾದರೂ ಹೇಳಿದರೆ ಓಡಿಹೋಗಿ, ಒಮ್ಮೆ ಮಾಡಿದರೆ ಮುಗೀತು, ವಾಪಸ್ ಬರುವ ದಾರಿ ಇಲ್ಲ.

ಬಿಡಿಸುವ ಆಸೆ ಮತ್ತೆ ಬಂದರೆ ಹೇರ್ ಡ್ರೈಯರ್ ಕೈಗೆ ತಗೊಳ್ಳಬೇಡಿ. ಸ್ಟಿಕ್ಕರಿನ ವಿನೈಲ್ ಒಣಗಿದ್ದರೆ ಬಿಸಿಗೆ ಇನ್ನೂ ಸುರುಟಿಕೊಳ್ಳಬಹುದು. ಅಸಿಟೋನ್ ತಾಗಿದರೆ ಪ್ಲೇಟೂ ಹೋಗಬಹುದು.

ಇನ್ನೊಂದು ಸಂಕಟ ಹೇಳಿಬಿಡುತ್ತೇನೆ. ಆನ್‌ಲೈನಿನಲ್ಲಿ ಒಬ್ಬನಿಂದ '1979ರ ಅಸಲಿ, ಬಳಸಿಲ್ಲ' ಅಂತ ಒಂದು ಹಾಳೆ ತರಿಸಿದೆ. ಹಿಂದೆ ತಿರುಗಿಸಿದರೆ ಮೂಲೆಯಲ್ಲಿ ಚಿಕ್ಕದಾಗಿ ವೆಬ್‌ಸೈಟ್ ವಿಳಾಸ! ಕೇಳಿದರೆ 'ಡಿಸೈನ್ 1979ರದ್ದು' ಅಂದ.

ಬ್ರೇಕ್_ಇಲ್ಲ

ಎಲ್ಲರೂ ಕವರು, ಕಪಾಟು ಅಂತೀರಿ. ಸ್ಟಿಕ್ಕರ್ ಇರೋದೇ ಅಂಟಿಸೋಕೆ ಗುರು!

ಈ ಆಟ ಶುರುವಾದದ್ದೇ ಹುಡುಗರಿಂದ. ದೊಡ್ಡವರ ಮೋಟೋಕ್ರಾಸ್ (ಮಣ್ಣಿನಲ್ಲಿ ಮೋಟಾರ್ ಬೈಕ್ ರೇಸ್) ನೋಡಿ ಕ್ಯಾಲಿಫೋರ್ನಿಯಾದ ಹುಡುಗರು ಷ್ವಿನ್ ಸ್ಟಿಂಗ್‌ರೇ ಸೈಕಲ್ಲಿನಲ್ಲಿ ಮಣ್ಣು ದಿಬ್ಬ ಹಾರಿದರು. 1970ರಲ್ಲಿ ಲಾಂಗ್ ಬೀಚ್‌ನ ಖಾಲಿ ಜಾಗದಲ್ಲಿ ರೇಸ್ ಏರ್ಪಡಿಸಿದ ಸ್ಕಾಟ್ ಬ್ರೈಟ್‌ಹಾಪ್‌ಗೆ ಆಗ ಮೀಸೆಯೂ ಬಂದಿರಲಿಲ್ಲ. 1977ರಲ್ಲಿ ಎಸ್‌ಇ ರೇಸಿಂಗ್ ಕಟ್ಟಿದ್ದು ಅವನೇ. ಬಾಬ್ ಹ್ಯಾರೋ 1978ರಲ್ಲಿ ನಂಬರ್ ಪ್ಲೇಟ್ ಮಾಡಿ ಮಾರುತ್ತಾ ಕಂಪನಿ ಶುರು ಮಾಡಿದ. ಸೈಕಲ್ ಎಲ್ಲ ಆಮೇಲೆ. ಓಕ್ಲಿ ಕೂಡ 1975ರಲ್ಲಿ ಹ್ಯಾಂಡಲ್ ಗ್ರಿಪ್ ಮಾಡುತ್ತಿದ್ದ ಕಂಪನಿ, ಕನ್ನಡಕ ಆಮೇಲಿನ ಮಾತು. ಆ ಹುಡುಗರು ಸ್ಟಿಕ್ಕರನ್ನು ಬೀರುವಿನಲ್ಲಿಟ್ಟಿದ್ದರೆ ಇವತ್ತು ಬಿಎಂಎಕ್ಸೇ ಇರುತ್ತಿರಲಿಲ್ಲ.

ಅಂಟಿಸಿ ಕೊಡಿ ಮಗುವಿಗೆ.

ಹಳೇಸಾಮಾನು

ಬ್ರೇಕ್_ಇಲ್ಲ ಅವರೇ, ನಲವತ್ತು ವರ್ಷದ ಅಂಟು ಒಣಗಿ ಹುಡಿಯಾಗಿರುತ್ತದೆ. ಅಂಟಿಸಿದರೂ ಎರಡು ದಿನಕ್ಕೆ ಬೀಳುತ್ತದೆ. ನಕಲಿ ಎಷ್ಟಿದೆಯೋ ಅಷ್ಟೂ ಮಗಳಿಗೆ ಕೊಡಿ, ಅವಕ್ಕೆ ಅಂಟು ಚೆನ್ನಾಗಿರುತ್ತದೆ.

ಪುಟ್ಟ ಅವರೇ, ಆ ಪ್ಲೇಟಿಗೆ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ. ಹಿಂದಿನ ವರ್ಷದ ಪಾಯಿಂಟ್ ಲೆಕ್ಕದಲ್ಲಿ ಮುಂದಿನ ವರ್ಷದ ನಂಬರ್ ಕೊಡುವುದಿತ್ತು, ಹಾಗಾಗಿ ಒಂದರ ಮೇಲೊಂದು ನಂಬರ್ ಅಂಟಿಸಿರುತ್ತಾರೆ. ನಂಬರ್ ಚಿಕ್ಕದಾದಷ್ಟೂ ಹುಡುಗ ಜೋರು.

ಪೆಡಲ್_ಪುಟ್ಟ

ವರದಿ ಒಪ್ಪಿಸುತ್ತಿದ್ದೇನೆ. ಭೂತಗನ್ನಡಿ ಬಂತು. ಮೂವತ್ತೊಂದರಲ್ಲಿ ಹನ್ನೊಂದು ಸಾಸಿವೆ ಚೆಲ್ಲಿದವು. ನಾನು ತುಂಬಾ ಆಸೆ ಇಟ್ಟುಕೊಂಡಿದ್ದ ಕುವಹಾರಾ ಕೂಡ ಅದರಲ್ಲೇ. ಅವುಗಳಲ್ಲಿ ಕೆಲವು ಈಗ ಮಗಳ ಸೈಕಲ್ ಮೇಲಿವೆ, ಇನ್ನು ಕೆಲವು ಅವಳ ಊಟದ ಡಬ್ಬಿ ಮೇಲೆ. ಒಂದು ಹ್ಯಾರೋ ಸ್ಟಿಕ್ಕರಿನಲ್ಲಿ ನೀಲಿ ಬಣ್ಣ ಕಪ್ಪು ಗೆರೆಯಿಂದ ಸ್ವಲ್ಪ ಆಚೆ ಜರುಗಿದೆ. ನೋಡಿ ನೋಡಿ ಕಣ್ಣು ನೋವು ಬಂತು, ಅಷ್ಟು ಚೆನ್ನಾಗಿದೆ.

ಪ್ಲೇಟಿಗೆ ಟಾರ್ಚ್ ಬಿಟ್ಟೆ. 47ರ ಸುತ್ತ ಪ್ಲಾಸ್ಟಿಕ್ ಮಾಸಿದೆ, ಆದರೆ ಅದರ ಹಿಂದೆ ಇನ್ನೊಂದು ನಂಬರಿನ ಆಕಾರದಲ್ಲಿ ಹಳದಿ ಗಾಢವಾಗಿ ಉಳಿದಿದೆ. 318!

ಹಳೇಸಾಮಾನು

ನೋಡಿದ್ರಾ! ಒಂದೇ ವರ್ಷದಲ್ಲಿ 318ರಿಂದ 47ಕ್ಕೆ. ಆ ಹುಡುಗ ವಾರ ವಾರ ಬಿಡದೆ ರೇಸಿಗೆ ಹೋಗಿ ಗೆದ್ದಿರಬೇಕು. ಡಬ್ಬದ ಸಾಮಾನು ಬಿಡಿ ಬಿಡಿ ಮಾರಬೇಡಿ ಅಂತ ಇದಕ್ಕೇ ಹೇಳೋದು. ಆ ಮನೆಯವರನ್ನೇ ಹೋಗಿ ಕೇಳಿ, ಯಾವ ಟ್ರ್ಯಾಕ್, ಯಾವ ವರ್ಷ ಅಂತ. ಹೇಳಿದ್ದನ್ನು ಬರೆದು ಡಬ್ಬದಲ್ಲೇ ಇಡಿ.

ಪೆಡಲ್_ಪುಟ್ಟ

ನಿನ್ನೆ ಸಂಜೆ ಹೋಗಿದ್ದೆ. ಅಜ್ಜ ಅನ್ನುವ ಹಾಗಿಲ್ಲ, ಅರವತ್ತು ಇರಬಹುದು. ಪ್ಲೇಟ್ ತೋರಿಸಿ, ಎಷ್ಟು ಬೇಗ ಮೇಲೆ ಬಂದಿರಿ ಅಂತ ಹೊಗಳಿದೆ. ಅವರು ಪ್ಲೇಟ್ ತಿರುಗಿಸಿ ತಿರುಗಿಸಿ ನೋಡಿ ಜೋರಾಗಿ ನಕ್ಕರು. 318 ಅವರದ್ದು. 47 ಅವರ ತಮ್ಮನದ್ದು. ತಮ್ಮನ ಪ್ಲೇಟ್ ಒಡೆದುಹೋಗಿತ್ತಂತೆ, ರೇಸಿನ ದಿನ ಬೆಳಗ್ಗೆ ಇವರದ್ದನ್ನು ಕದ್ದು ಮೇಲೆ ತನ್ನ ನಂಬರ್ ಅಂಟಿಸಿಕೊಂಡು ಹೋದನಂತೆ. ಆ ಭಾನುವಾರ ಇವರು ಮನೆಯಲ್ಲೇ ಕೂತರು. 'ಕೊನೆಗೂ ಸಾಕ್ಷಿ ಸಿಕ್ಕಿತು' ಅಂತ ಅಲ್ಲೇ ಫೋಟೋ ತೆಗೆದು ತಮ್ಮನಿಗೆ ಕಳಿಸಿದರು.

ಎಡಗೈ ಗ್ಲೌಸ್ ಕೂಡ ತಮ್ಮನ ಹತ್ತಿರವೇ ಇರಬೇಕಂತೆ.

ಹಳೇಸಾಮಾನು

ನನ್ನ ಥಿಯರಿ ಮಣ್ಣುಪಾಲು. ಆದರೂ ಇದನ್ನೂ ಬರೆದಿಡಿ. ಯಾವ ಟ್ರ್ಯಾಕ್ ಅಂತ ಕೇಳಿದಿರಾ ಇಲ್ವಾ?

ಪೆಡಲ್_ಪುಟ್ಟ

ಅಯ್ಯೋ, ಮರೆತೇಬಿಟ್ಟೆ. ಅವರು ಒಂದು ಟೇಬಲ್ ಫ್ಯಾನ್ ಕೊಟ್ಟರು, ಅದನ್ನು ಹಿಡಿದುಕೊಂಡು ಖುಷಿಯಲ್ಲಿ ಬಂದುಬಿಟ್ಟೆ.